ಗುಳ್ಳೆ ಎದ್ದಿದ್ದು ಮಗಳಿಗೆ, ಜೈಲು ಅಪ್ಪನಿಗೆ

ಮೊನ್ನೆ ಒಂದು ಬೆಳಿಗ್ಗೆ ನಾನು ಪೊಲೀಸ್ ಕಾರಿನ ಪಕ್ಕ ರಸ್ತೆಬದಿಯಲ್ಲಿ ಮಂಡಿಯೂರಿ ಕೂತು ಒಂಬತ್ತು ವರ್ಷದ ಹುಡುಗಿಯೊಬ್ಬಳ ಶೂ ಲೇಸ್ ಕಟ್ಟುತ್ತಿದ್ದೆ. ಅವಳ ಅಪ್ಪ ಅದೇ ಕಾರಿನ ಹಿಂದಿನ ಸೀಟಿನಲ್ಲಿ, ಕೈಗೆ ಕೋಳ ಹಾಕಿಸಿಕೊಂಡು, ನಮ್ಮನ್ನೇ ನೋಡುತ್ತಾ ಕೂತಿದ್ದ.

ಕೊಲೆ ಮಾಡಿದ್ದನೇ? ಇಲ್ಲ. ಕಳ್ಳತನ? ಇಲ್ಲ. ಕುಡಿದು ಗಾಡಿ ಓಡಿಸಿದನೇ? ಅವನು ಚಹಾಕ್ಕೂ ಸಕ್ಕರೆ ಜಾಸ್ತಿಯಾಯಿತು ಅಂತ ನೀರು ಬೆರೆಸಿಕೊಳ್ಳುವ ಆಸಾಮಿ.

ಅವನ ಅಪರಾಧ ಇಷ್ಟೇ: ಮಗಳನ್ನು ಶಾಲೆಗೆ ಕಳಿಸಲಿಲ್ಲ, ಅದಕ್ಕೆ ಹಾಕಿದ ದಂಡ ಕಟ್ಟಲಿಲ್ಲ. ಅವನನ್ನು ಹಿಡಿದದ್ದು ಎಲ್ಲಿ ಗೊತ್ತೇ? ಮಗಳನ್ನು ಶಾಲೆಗೆ ಬಿಡಲು ಹೋಗುವ ದಾರಿಯಲ್ಲಿ.

ಇನ್ನೊಂದು ಸಲ ಓದಿಕೊಳ್ಳಿ, ಪರವಾಗಿಲ್ಲ. ನಾನೂ ಆ ಪೊಲೀಸಪ್ಪನನ್ನು ಎರಡೆರಡು ಸಲ ಕೇಳಿದೆ.

ಹುಡುಗಿಯ ಅಪ್ಪನ ಹೆಸರು ಬಸವರಾಜ. ನಮಗೆಲ್ಲ ಬಸಣ್ಣ. ಧಾರವಾಡದ ಕಡೆಯವನು, ಇಲ್ಲಿ ನ್ಯೂಜೆರ್ಸಿಯ ಕ್ರ್ಯಾನ್‌ಬರಿ ಊರಿನ ವೇರ್‌ಹೌಸಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಾನೆ. ನಾನು ಫೋರ್ಕ್‌ಲಿಫ್ಟ್ ಓಡಿಸುತ್ತೇನೆ, ಅವನು ಪೆಟ್ಟಿಗೆ ಎತ್ತುತ್ತಾನೆ. ಹೆಂಡತಿ ಶಾರದಾ ಪಕ್ಕದ ಊರಿನ ಒಂದು ಡೇಕೇರಿನಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಾಳೆ. ಶಾರದಾಳ ಅಣ್ಣ ಸ್ಪಾನ್ಸರ್ ಮಾಡಿ, ವರ್ಷಗಟ್ಟಲೆ ಕಾದು, ಗ್ರೀನ್ ಕಾರ್ಡ್ ಹಿಡಿದುಕೊಂಡು ಬಂದ ಕುಟುಂಬ. ಒಬ್ಬಳೇ ಮಗಳು, ಪಲ್ಲವಿ.

(ಈ ಅಂಕಣ ಓದುವ ನಿಮಗೆ ನನ್ನ ವಿಷಯ ಗೊತ್ತೇ ಇದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಹರಿಹರದ ಲಾರಿ ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡು ಬೆಳೆದು, ನರ್ಸ್ ಹೆಂಡತಿಯ ವೀಸಾದ ಬಾಲ ಹಿಡಿದು ಇಲ್ಲಿಗೆ ಬಂದವನು. ಬಂದ ದಿನದಿಂದ ಒಂದು ದಿನ ಕೆಲಸವಿಲ್ಲದೆ ಕೂತಿಲ್ಲ. ಯಾರ ಹತ್ತಿರವೂ ಕೈ ಚಾಚಿಲ್ಲ. ಇದನ್ನು ಹೇಳುವಾಗ ನನ್ನ ಕಾಲರ್ ತಾನಾಗೇ ಮೇಲೇಳುತ್ತದೆ, ಕ್ಷಮಿಸಿ.)

ಅವತ್ತು ನನಗೆ ರಜೆ. ಶಾರದಾ ಫೋನ್ ಮಾಡಿದಳು. ಅಳು ಬೇರೆ, ಮಾತು ಬೇರೆ ಮಾಡಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಅಣ್ಣಾರ, ಇವರನ್ನ ಪೊಲೀಸ್ನವರು ಹಿಡದಾರಂತ್ರಿ! ಗಾಡ್ಯಾಗ ಪಲ್ಲವಿ ಒಬ್ಬಾಕಿನ ಅದಾಳ. ನನಗ ಡ್ರೈವಿಂಗ್ ಬರಂಗಿಲ್ಲ. ಏನ್ ಮಾಡ್ಲಿರಿ?"

ಹುಡುಗಿಗೆ ಸ್ಕೂಲ್ ಬಸ್ ತಪ್ಪಿತ್ತು. ಅಪ್ಪ ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಹಿಂದಿನ ಒಂದು ಬ್ರೇಕ್ ಲೈಟ್ ಉರಿಯುತ್ತಿರಲಿಲ್ಲವಂತೆ. ಪೊಲೀಸ್ ನಿಲ್ಲಿಸಿದ. ಲೈಸೆನ್ಸ್ ತೆಗೆದುಕೊಂಡು ಹೋಗಿ ಕಂಪ್ಯೂಟರಿಗೆ ಹಾಕಿದ. ಕಂಪ್ಯೂಟರ್ ಹೇಳಿತು: ಈ ಮನುಷ್ಯನ ಮೇಲೆ ವಾರಂಟ್ ಇದೆ.

ನಾನು ಹೋಗಿ ನಿಂತಾಗ ಪಲ್ಲವಿ ಅಪ್ಪನ ಕಾರಿನ ಹಿಂದಿನ ಸೀಟಿನಲ್ಲಿ ಲಂಚ್ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಅಳುತ್ತಿರಲಿಲ್ಲ. ಅದೇ ನನಗೆ ಹೆದರಿಕೆಯಾಗಿದ್ದು. ಕೆಳಗಿಳಿಸಿ ಲೇಸ್ ಕಟ್ಟುವಾಗ ಕೇಳಿದಳು:

"ಅಂಕಲ್, ಈಸ್ ಇಟ್ ಬಿಕಾಸ್ ಆಫ್ ಮೀ?"

ನಿಮ್ಮಲ್ಲಿ ಓದಿದವರಿದ್ದೀರಿ, ಡಾಕ್ಟರುಗಳಿದ್ದೀರಿ, ಪ್ರೊಫೆಸರುಗಳಿದ್ದೀರಿ. ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಕಳಿಸಿಕೊಡಿ. ನನಗೆ ಹೊಳೆದದ್ದು ಒಂದೇ. "ಇಲ್ಲ ಪುಟ್ಟ, ಲೈಟ್ ಹೋಗಿದೆ ಅಂತ," ಅಂದೆ.

ಪೊಲೀಸಪ್ಪ ಕೆಟ್ಟವನಲ್ಲ. ಎಳೆ ವಯಸ್ಸಿನವನು. "ನನಗೂ ಮಕ್ಕಳಿದ್ದಾರೆ ಸರ್, ವಾರಂಟ್ ಇದ್ದ ಮೇಲೆ ನಾನು ಬಿಡುವ ಹಾಗಿಲ್ಲ," ಅಂದ. ಅವನ ಮುಖದಲ್ಲೂ ನಾಚಿಕೆ ಇತ್ತು. ಅದೇನೋ ನೋಡಿ, ನಾಚಿಕೆಪಡುವವರು ಯಾವಾಗಲೂ ಕೆಳಗಿನವರೇ.

ಬಸಣ್ಣ ಕಿಟಕಿಯ ಸಂದಿಯಿಂದ ಒಂದೇ ಮಾತು ಹೇಳಿದ. "ಅಣ್ಣಾರ, ಮೊದ್ಲ ಅಕಿನ್ನ ಸಾಲಿಗೆ ಬಿಟ್ಟು ಬರ್ರಿ. ತಡ ಆಗ್ಯದ."

ಬಿಟ್ಟು ಬಂದೆ. ಶಾಲೆಯ ಆಫೀಸಿನಲ್ಲಿ ಕೂತಿದ್ದ ಹೆಂಗಸು ನಗುನಗುತ್ತಾ ತಡವಾದದ್ದಕ್ಕೆ ಕಾರಣ ಕೇಳಿದರು. "ಪೊಲೀಸ್," ಅಂದೆ. ಕಂಪ್ಯೂಟರಿನಲ್ಲಿ ಹುಡುಕಿದರು. ಅಂಥ ಕಾರಣ ಅಲ್ಲಿರಲಿಲ್ಲ. "ಟ್ರಾಫಿಕ್ ಅಂತ ಹಾಕ್ಲಾ?" ಅಂದರು.

ಹಾಕಿ ತಾಯಿ. ಏನು ಬೇಕಾದರೂ ಹಾಕಿ.

ಈಗ ವಾರಂಟ್ ಎಲ್ಲಿಂದ ಬಂತು ಅನ್ನುವುದನ್ನು ಹೇಳಬೇಕು.

ಹೋದ ಚಳಿಗಾಲ ಬಸಣ್ಣನ ತಾಯಿ ಗಂಗವ್ವ ವಿಸಿಟರ್ ವೀಸಾದಲ್ಲಿ ಇಲ್ಲಿಗೆ ಬಂದಿದ್ದರು. ಆಗ ಪಲ್ಲವಿಗೆ ಮೈಮೇಲೆ ಗುಳ್ಳೆ ಎದ್ದವು. ಲಸಿಕೆ ಹಾಕಿಸಿದ್ದರೂ ಒಮ್ಮೊಮ್ಮೆ ಬರುತ್ತದಂತೆ, ನನ್ನ ಹೆಂಡತಿ ಹೇಳಿದಳು. ನಾವು ನೀವು ಅದನ್ನು ಏನೆನ್ನುತ್ತೇವೆ? ಅಮ್ಮ ಅನ್ನುತ್ತೇವೆ. ಗಂಗವ್ವ ಸೊಸೆಗೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು.

"ತಾಯಿ ಮನಿಗೆ ಬಂದಾಳ. ಡಾಕ್ಟರ್ ಗೀಕ್ಟರ್ ಅಂದ್ರ ನೋಡು ಮತ್ತ! ಆಕಿ ತಾನ ಬಂದಾಳ, ತಾನ ಹೋಗ್ತಾಳ. ಸಮಾಧಾನ್ಲೆ ಕಳಸಬೇಕು."

ಡಾಕ್ಟರಿಗೆ ತೋರಿಸುವಂತಿಲ್ಲ. ಒಗ್ಗರಣೆ ಹಾಕುವಂತಿಲ್ಲ. ಹೊರಗಿನವರಿಗೆ ಹೇಳುವಂತಿಲ್ಲ. ಅದನ್ನು ರೋಗ ಅಂತ ಬಾಯಿಬಿಟ್ಟು ಕರೆಯುವಂತೆಯೇ ಇಲ್ಲ. ಎಡಿಸನ್ ಊರಿನಲ್ಲಿ ಯಾರದೋ ಮನೆಯೊಳಗೆ ಕುಂಡದಲ್ಲಿ ಬೆಳೆಸಿದ್ದ ಬೇವಿನ ಗಿಡದಿಂದ ನಾನೇ ನಾಲ್ಕು ಎಸಳು ಬೇಡಿ ತಂದುಕೊಟ್ಟೆ. (ಅವರ ಗಿಡ ಬೋಳಾಯಿತು. ಈಗಲೂ ಸಿಕ್ಕಿದಾಗ ಮುಖ ಸಿಂಡರಿಸುತ್ತಾರೆ.) ಗುಳ್ಳೆ ಒಣಗಿದ ಮೇಲೂ ಬೇವಿನ ನೀರಿನ ಸ್ನಾನಗಳು ಮುಗಿಯುವತನಕ ಮಗುವನ್ನು ಹೊಸ್ತಿಲು ದಾಟಿಸಲಿಲ್ಲ ಗಂಗವ್ವ.

ಶಾರದಾ ಮೊದಲ ದಿನ ಶಾಲೆಗೆ ಫೋನ್ ಮಾಡಿದ್ದಳು. ಏನಂದಳು? "ನಾಟ್ ಫೀಲಿಂಗ್ ವೆಲ್." ಅಷ್ಟೇ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಅದಕ್ಕಿಂತ ಹೆಚ್ಚು ಹೇಳಿದರೆ ಅಮ್ಮನಿಗೆ ಅಪಚಾರ.

ಎರಡೇ ಪದ ಹೇಳಿದ್ದರೆ ಸಾಕಿತ್ತು. ಚಿಕನ್ ಪಾಕ್ಸ್! ಹೇಳಿದ್ದರೆ ಏನಾಗುತ್ತಿತ್ತು ಗೊತ್ತೇ? ಶಾಲೆಯವರೇ ಕೈಮುಗಿದು, ದಯವಿಟ್ಟು ಮಗುವನ್ನು ಕಳಿಸಬೇಡಿ, ಉಳಿದ ಮಕ್ಕಳಿಗೆ ಅಂಟುತ್ತದೆ ಅನ್ನುತ್ತಿದ್ದರು. ಅದು ಅವರದೇ ನಿಯಮ. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವ ತನಕ ಒಳಗೆ ಬಿಡುವುದಿಲ್ಲ. ಅಂದರೆ ಗಂಗವ್ವನದೂ ಶಾಲೆಯದೂ ಹೆಚ್ಚುಕಮ್ಮಿ ಒಂದೇ ಆಜ್ಞೆ. ಒಬ್ಬರು ದೇವಿಯ ಹೆಸರಿನಲ್ಲಿ ಹೇಳಿದರು, ಇನ್ನೊಬ್ಬರು ವಿಜ್ಞಾನದ ಹೆಸರಿನಲ್ಲಿ ಹೇಳುತ್ತಿದ್ದರು. ಎರಡರ ಪ್ರಕಾರವೂ ಮಗು ಮನೆಯಲ್ಲೇ ಇರಬೇಕಾಗಿತ್ತು!

ಆದರೆ ಡಾಕ್ಟರ್ ಚೀಟಿ ಇಲ್ಲ. ಚೀಟಿ ಇಲ್ಲದ ಗೈರುಹಾಜರಿ ಅನ್‌ಎಕ್ಸ್‌ಕ್ಯೂಸ್ಡ್. ಅಂಥವು ಸಾಲಾಗಿ ಬಂದರೆ ಮಗು ಶಾಲೆ ತಪ್ಪಿಸುವ ಮಗು. ಅಪ್ಪ ಅಪರಾಧಿ.

ಶಾಲೆ ತಿಳಿಸಲಿಲ್ಲವೇ? ತಿಳಿಸಿತು. ಪ್ರತಿದಿನ ಬಸಣ್ಣನ ಮೊಬೈಲಿಗೆ ಒಂದು ಮಷಿನ್ ಫೋನ್ ಮಾಡುತ್ತಿತ್ತು. ಇಂಗ್ಲಿಷಿನಲ್ಲಿ, ಆಮೇಲೆ ಸ್ಪ್ಯಾನಿಷಿನಲ್ಲಿ. ಆ ಹೊತ್ತಿಗೆ ಬಸಣ್ಣನ ಮೊಬೈಲ್ ಎಲ್ಲಿರುತ್ತದೆ? ವೇರ್‌ಹೌಸಿನ ಲಾಕರಿನಲ್ಲಿ. ಒಳಗೆ ಫೋನ್ ತಂದರೆ ಕೆಲಸದಿಂದ ತೆಗೆಯುತ್ತಾರೆ. ಅವನು ಎತ್ತಿದ್ದರೂ ಅಷ್ಟೇ. ಆ ಮಷಿನ್ ಹೇಳುತ್ತದೆ, ಕೇಳುವುದಿಲ್ಲ. ಯಾಕೆ ಬರಲಿಲ್ಲ ಅಂತ ಅದಕ್ಕೆ ಬೇಕಾಗಿಲ್ಲ. ಬರಲಿಲ್ಲ ಅಂತ ಹೇಳಿ ಇಟ್ಟುಬಿಡುತ್ತದೆ.

ಅಮ್ಮ ಹೋದಳು. ಮಗು ಶಾಲೆಗೆ ಹೋಯಿತು. ಗಂಗವ್ವ ಊರಿಗೆ ಹೋದರು. ಆಮೇಲೆ ಮುನಿಸಿಪಲ್ ಕೋರ್ಟಿನಿಂದ ದಂಡದ ಕಾಗದ ಬಂತು. ದಂಡ ಎಷ್ಟು ಅಂತೀರಾ? ಇಲ್ಲಿ ಒಂದು ಕುಟುಂಬ ಹೋಟೆಲಿಗೆ ಹೋಗಿ ದೋಸೆ ತಿಂದು ಬರುವಷ್ಟು. ಬಸಣ್ಣ ಕಟ್ಟಬಹುದಿತ್ತು. ಕಟ್ಟಲಿಲ್ಲ.

ಯಾಕೆ ಕಟ್ಟಲಿಲ್ಲ? ಇಲ್ಲೇ ಇರುವುದು ನಮ್ಮವರು ಮಾತ್ರ ಮಾಡಬಹುದಾದ ತಪ್ಪು.

ಅವನು ಆ ಕಾಗದ ಹಿಡಿದುಕೊಂಡು, ಒಗೆದ ಅಂಗಿ ಹಾಕಿಕೊಂಡು, ತಾಯಿ ಊರಿನಿಂದ ಕಳಿಸಿದ್ದ ಪೇಡೆಯ ಡಬ್ಬಿ ಸಮೇತ ಸೀದಾ ಶಾಲೆಯ ಪ್ರಿನ್ಸಿಪಾಲರ ಹತ್ತಿರ ಹೋದ. ತಪ್ಪಾಯಿತು ಅಂದ. ಇನ್ನು ಹೀಗಾಗುವುದಿಲ್ಲ ಅಂದ. ಆಕೆ ಬಲು ಒಳ್ಳೆಯವರು. ಪೇಡೆ ತಿಂದು, ಚೆನ್ನಾಗಿದೆ ಅಂದು, "ಬಂದದ್ದು ಸಂತೋಷ, ನಮಗೆ ಪಲ್ಲವಿ ಕ್ಲಾಸಿನಲ್ಲಿದ್ದರೆ ಸಾಕು," ಅಂತ ಬಾಗಿಲತನಕ ಬಂದು ಕಳಿಸಿದರು.

ಮುಗಿಯಿತು! ನಮ್ಮಲ್ಲಿ ಹೆಡ್‌ಮಾಸ್ಟರು ಕ್ಷಮಿಸಿದ ಮೇಲೆ ಇನ್ನೇನಿದೆ? ಶಾಲೆಯ ತಪ್ಪಿಗೆ ಶಾಲೆಯೇ ದೊಡ್ಡ ಕೋರ್ಟು. ಮೇಷ್ಟ್ರು ಹೋಗಲಿ ಬಿಡು ಅಂದರೆ ಆ ಮಾತಿನ ಮೇಲೆ ಯಾವ ತಹಶೀಲ್ದಾರನೂ ಕೈಯಾಡಿಸುವುದಿಲ್ಲ. ಬಸಣ್ಣ ಹಾಗೆ ತಿಳಿದುಕೊಂಡ. ಕಾಗದ ಮಡಚಿ ಒಳಗಿಟ್ಟ. ಆಮೇಲೆ ಬಂದದ್ದನ್ನೂ ಹಳೆಯದರ ಮೇಲೆ ಇಟ್ಟ.

ಇಲ್ಲಿ ಹಾಗಲ್ಲವಂತೆ. ಶಾಲೆ ಒಂದು ಸಲ ಬಟನ್ ಒತ್ತಿದರೆ ಕಾಗದ ಜಿಲ್ಲೆಯ ಆಫೀಸಿಗೆ, ಅಲ್ಲಿಂದ ಕೋರ್ಟಿಗೆ ತಾನೇ ಉರುಳಿಕೊಂಡು ಹೋಗುತ್ತದಂತೆ, ದಂಡ ಕಟ್ಟದಿದ್ದರೆ ವಾರಂಟ್ ಆಗಿ ವಾಪಸ್ ಬರುತ್ತದಂತೆ. ಪ್ರಿನ್ಸಿಪಾಲರಿಗೇ ಗೊತ್ತಿರಲಿಲ್ಲವಂತೆ. ಕ್ಷಮಿಸಲು ಮನುಷ್ಯರಿದ್ದಾರೆ, ಆದರೆ ಅವರ ಕೈಯಲ್ಲಿ ನಿಲ್ಲಿಸುವ ಬಟನ್ ಇಲ್ಲ.

ನನ್ನ ಬಾಯಲ್ಲಿ ಈ ಮಾತು ಕೇಳಿ ಕೆಲವರು ನಗಬಹುದು. ಏಳನೇ ಕ್ಲಾಸಿಗೆ ಬಿಟ್ಟವನು ಶಾಲೆ ತಪ್ಪಿಸುವವರ ವಕೀಲನಾದ ಅಂತ. ಇಲ್ಲ ಸ್ವಾಮಿ. ಶಾಲೆಯ ಬೆಲೆ ಅಲ್ಲಿ ಕೂತು ಪಾಠ ಕೇಳಿದ ನಿಮಗಿಂತ, ಗ್ಯಾರೇಜಿನ ಬಾಗಿಲಲ್ಲಿ ನಿಂತು ಹುಡುಗರು ಯೂನಿಫಾರಂ ಹಾಕಿಕೊಂಡು ಹೋಗುವುದನ್ನು ನೋಡಿದ ನನಗೆ ಚೆನ್ನಾಗಿ ಗೊತ್ತು. ಮಕ್ಕಳು ಶಾಲೆಗೆ ಹೋಗಲೇಬೇಕು. ಒಂದು ದಿನವೂ ತಪ್ಪಿಸಬಾರದು.

ನಾನು ಬಿಟ್ಟಾಗ ನಮ್ಮ ಹನುಮಂತಪ್ಪ ಮೇಷ್ಟ್ರು ಮನೆಗೆ ಬಂದರು. ಅಪ್ಪನ ಬೆನ್ನು ಮುರಿದು ಹಾಸಿಗೆ ಹಿಡಿದಿದ್ದ ಕಾಲ. ಮೇಷ್ಟ್ರು ಕಟ್ಟೆಯ ಮೇಲೆ ಕೂತು ಚಹಾ ಕುಡಿದು ನಮ್ಮವ್ವನ ಜೊತೆ ಜಗಳ ಆಡಿದರು. "ಹುಡುಗನ ತಲೆ ಚೆನ್ನಾಗಿದೆ ಕಣಮ್ಮ, ಹಾಳು ಮಾಡಬೇಡ." ಅವ್ವ ಒಳಗೆ ಮಲಗಿದ್ದ ಅಪ್ಪನನ್ನು ತೋರಿಸಿ, "ಹಂಗಾದ್ರೆ ಇವರಿಗೆ ಉಣ್ಣಾಕೆ ನೀವು ಇಕ್ತೀರಾ?" ಅಂದಳು. ಮೇಷ್ಟ್ರು ಸೋತರು. ಆದರೆ ಬಂದರು, ಕೂತರು, ಯಾಕೆ ಅಂತ ಕೇಳಿದರು, ಕೇಳಿ ಸೋತರು. ಈ ನ್ಯೂಜೆರ್ಸಿಯ ಕಾನೂನು ಆಗ ಹರಿಹರದಲ್ಲಿ ಇದ್ದಿದ್ದರೆ ನಮ್ಮವ್ವನಿಗೆ ಜೀವಾವಧಿಯೇ ಆಗುತ್ತಿತ್ತು.

ಇಷ್ಟು ಶ್ರೀಮಂತ ದೇಶದಲ್ಲಿ ಒಬ್ಬ ಮನುಷ್ಯ ಆ ಅಪಾರ್ಟ್‌ಮೆಂಟಿನ ಬಾಗಿಲು ತಟ್ಟಲಿಲ್ಲ. ತಟ್ಟಿದ್ದರೆ ಸಾಕಿತ್ತು. ಮಗುವಿನ ಮುಖ ನೋಡಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು, ಇನ್ನೊಂದು ವಾರ ಮನೆಯಲ್ಲೇ ಇಟ್ಟುಕೊಳ್ಳಿ ಅನ್ನುತ್ತಿದ್ದ!

ಬಸಣ್ಣನನ್ನು ಕೌಂಟಿ ಜೈಲಿಗೆ ಹಾಕಿದರು. ನಮ್ಮ ಊರಿನ ಕೋರ್ಟು ಅವತ್ತು ನಡೆಯುವುದಿಲ್ಲವಂತೆ, ಗುಮಾಸ್ತ ಇಲ್ಲವಂತೆ, ದುಡ್ಡು ಕಟ್ಟಿಸಿಕೊಳ್ಳಲು ಜನ ಇಲ್ಲವಂತೆ. ಹಿಡಿಯಲು ಮಾತ್ರ ಜನ ಇರುತ್ತಾರೆ. ಮರುದಿನ ಮಧ್ಯಾಹ್ನ ಬಿಟ್ಟರು.

ಹೊರಗೆ ಬಂದವನು ಸೀದಾ ನನ್ನ ಕಾರಿನ ಕಡೆ ನಡೆದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಬೆಲ್ಟು, ವಾಚು, ಪಾಕೀಟು, ಮತ್ತೆ ಅವನ ಕೊರಳಿನ ಲಿಂಗದ ಕರಡಿಗೆ. ಒಳಗೆ ಹೋಗುವಾಗ ಎಲ್ಲವನ್ನೂ ಬಿಚ್ಚಿಸಿದ್ದರು. ಕಾರಿನಲ್ಲಿ ಕೂತ ಮೇಲೆ ಬಾಳೆಹಣ್ಣು ಕೊಟ್ಟೆ. ಬೇಡವೆಂದು ತಲೆಯಾಡಿಸಿದ.

"ಏನಾದ್ರೂ ತಿಂದೇನೋ ಒಳಗೆ?"

"ಲಿಂಗ ಇಲ್ದ ಹೆಂಗ್ ತಿನ್ನಲ್ರೀ ಅಣ್ಣಾರ? ನೀರೂ ಮುಟ್ಟಿಲ್ಲ. ಮನಿಗೆ ಹೋಗಿ ಸ್ನಾನ, ಪೂಜಿ ಆಗ್ಲಿ."

ಮನೆಗೆ ಹೋಗುವ ತನಕ ಆ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೂತಿದ್ದ. ಮನೆ ಬಂದಾಗ ಇಳಿಯುವ ಮುಂಚೆ ಹೇಳಿದ: "ಕೋರ್ಟಿಗೆ ತಾರೀಕ ಕೊಟ್ಟಾರ. ಗಿಲ್ಟಿ ಅಂದ್ರ ಅವತ್ತ ಮುಗೀತೈತಂತ. ನಾ ಅನ್ನಂಗಿಲ್ಲ. ನನ್ನ ಮಗಳಿಗೆ ಆರಾಮ್ ಇರ್ಲಿಲ್ಲ. ಅದರಾಗ ನಂದೇನ್ರೀ ತಪ್ಪು? ಬೇಕಾದ್ರ ಮತ್ತ ಒಳಗ ಹಾಕ್ಲಿ. ಗಿಲ್ಟಿ ಅನ್ನು ಮಾತು ನನ್ನ ಬಾಯಾಗ ಬರಂಗಿಲ್ಲ."

ಭೇಷ್, ಅಂದೆ ನಾನು. ಬೆನ್ನು ತಟ್ಟಿದೆ. ಶಾರದಾ ಮಾತ್ರ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಬೇರೆಯವರ ಗಂಡನಿಗೆ ಶೌರ್ಯ ಹೇಳಿಕೊಡುವುದು ಸುಲಭ, ಅಲ್ಲವೇ?

ಆ ವಾರ ಪಕ್ಕದ ಊರು ಮಾನ್ಮತ್ ಜಂಕ್ಷನ್‌ನಲ್ಲಿ ನಮ್ಮ ಶ್ರೀಧರನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಶ್ರೀಧರ ಐಟಿ ಕಂಪನಿಯಲ್ಲಿ ಮ್ಯಾನೇಜರ್. ಒಳ್ಳೆಯ ಹುಡುಗ, ಕಷ್ಟ ಅಂದರೆ ಓಡಿ ಬರುತ್ತಾನೆ. ವಿಷಯ ಕೇಳಿ ಲೊಚಗುಟ್ಟಿದ.

"ತಪ್ಪು ತಿಳ್ಕೋಬೇಡಿ ಅಂಕಲ್. ಇಲ್ಲಿ ಒಂದು ಸಿಸ್ಟಮ್ ಇದೆ. ಒಂದು ಇಮೇಲ್ ಹಾಕಿದ್ರೆ ಮುಗ್ದೇ ಹೋಗ್ತಿತ್ತು. ಈ ಕಾಲದಲ್ಲೂ ಬೇವಿನ ಸೊಪ್ಪು ಅಂತ ಕೂತ್ರೆ ಹೇಗೆ?"

"ನಿನ್ನ ಮಗನ ಮುಂಜಿಗೆ ಮೈಸೂರಿಗೆ ಹೋಗಿದ್ರಲ್ಲಪ್ಪ, ಆಗ ಶಾಲೆಗೆ ರಜೆ ಇತ್ತಾ?"

"ಇಲ್ಲ, ಜನವರೀಲಿ ಮುಹೂರ್ತ ಇತ್ತು. ಒಂದು ತಿಂಗಳು ಮಿಸ್ ಆಯ್ತು. ಬಟ್ ದಟ್ಸ್ ಡಿಫರೆಂಟ್ ಅಂಕಲ್. ನಾವು ಮುಂಚೇನೇ ಪ್ರಿನ್ಸಿಪಾಲ್‌ಗೆ ಬರ್ದು ಪರ್ಮಿಷನ್ ತಗೊಂಡಿದ್ವಿ. ಟೀಚರ್ ಒಂದು ವರ್ಕ್ ಪ್ಯಾಕೆಟ್ ಕೊಟ್ಟಿದ್ರು. ಕಲ್ಚರಲ್ ಎಕ್ಸ್‌ಪೀರಿಯೆನ್ಸ್ ಅಂತ."

ಬಂದ ಮೇಲೆ ಆ ಹುಡುಗ ಬೋಳಿಸಿದ ತಲೆ, ಜುಟ್ಟು, ಜನಿವಾರದ ಫೋಟೋ ಅಂಟಿಸಿದ ಪೋಸ್ಟರ್ ತೋರಿಸಿ ಕ್ಲಾಸಿನಲ್ಲಿ ಭಾಷಣ ಮಾಡಿದನಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಸಂತೋಷ. ನಾನೂ ತಟ್ಟುತ್ತೇನೆ. ಆದರೆ ಒಂದು ಲೆಕ್ಕ ನನಗೆ ಹತ್ತುತ್ತಿಲ್ಲ. ಆರೋಗ್ಯವಾಗಿದ್ದ ಹುಡುಗ ವಿಮಾನ ಹತ್ತಿ ಮುಂಜಿಗೆ ಹೋದರೆ ಅದು ಸಂಸ್ಕೃತಿ. ಜ್ವರ ಬಂದ ಹುಡುಗಿ ಬೇವಿನೆಲೆಯ ಮೇಲೆ ಮಲಗಿದರೆ ಅದು ಕ್ರಿಮಿನಲ್ ಕೇಸು. ಎರಡೂ ನಮ್ಮ ಆಚಾರವೇ. ಒಂದಕ್ಕೆ ಇಂಗ್ಲಿಷಿನಲ್ಲಿ ಇಮೇಲ್ ಬರೆಯುವ ಅಪ್ಪನಿದ್ದ. ಇನ್ನೊಂದಕ್ಕೆ ಪೇಡೆ ಡಬ್ಬಿ ಹಿಡಿದುಕೊಂಡು ಹೋಗುವ ಅಪ್ಪ.

ಶ್ರೀಧರನಿಗೆ ಇದನ್ನೇ ಹೇಳಿದೆ. "ಅದೂ ಹೌದು ಅಂಕಲ್," ಅಂದ. ತಟ್ಟೆ ಮುಂದೆ ಚಾಚಿ, "ಪ್ರಸಾದ ತಗೊಳ್ಳಿ," ಅಂದ.

ಕೋರ್ಟಿನ ದಿನ ನಾನೂ ಹೋದೆ. ಪಂಚಾಯಿತಿ ಆಫೀಸಿನಂಥ ಕಟ್ಟಡ, ಉದ್ದನೆಯ ಬೆಂಚುಗಳು. ಸುತ್ತ ನೋಡಿದೆ. ಸೂಟು ಹಾಕಿದವರು ಯಾರು? ವಕೀಲರು. ಉಳಿದವರೆಲ್ಲ ನಮ್ಮಂಥವರು. ಕೆಲಸದ ಬಟ್ಟೆಯಲ್ಲೇ ಬಂದವರು, ಮೇಲಿಂದ ಮೇಲೆ ಗಡಿಯಾರ ನೋಡುವವರು, ಅರ್ಧ ದಿನದ ಸಂಬಳ ಹೋಯಿತು ಅಂತ ಮುಖದಲ್ಲೇ ಬರೆದುಕೊಂಡವರು.

ನಮ್ಮ ಪಕ್ಕ ನರ್ಸಿಂಗ್ ಏಡ್‌ನ ಅಂಗಿ ತೊಟ್ಟ ಕಪ್ಪು ಹೆಂಗಸೊಬ್ಬಳು ಕೂತಿದ್ದಳು. ಅವಳದೂ ಇದೇ ಕೇಸು. ಮಗನಿಗೆ ಹದಿನೈದು ವರ್ಷ, ಅವಳಿಗಿಂತ ಎತ್ತರ. ಇವಳು ಕತ್ತಲಿರುವಾಗಲೇ ಮನೆ ಬಿಟ್ಟು, ಸೀಕಾಕಸ್‌ನಲ್ಲಿ ಟ್ರೈನ್ ಬದಲಿಸಿ ಮ್ಯಾನ್‌ಹಟನ್‌ಗೆ ಹೋಗಿ ಯಾರದೋ ತಾಯಿಗೆ ಸ್ನಾನ ಮಾಡಿಸುತ್ತಾಳೆ. ಅವಳು ಹೋದ ಮೇಲೆ ಮಗ ಹೊದ್ದು ಮಲಗುತ್ತಾನೆ.

"ಅವನನ್ನ ಬೆನ್ನ ಮೇಲೆ ಹೊತ್ತುಕೊಂಡು ಹೋಗಲೇನು?" ಅಂದಳು ಇಂಗ್ಲಿಷಿನಲ್ಲಿ. ಬಸಣ್ಣನ ಕಥೆ ಕೇಳಿ ಅವನ ಮೊಣಕೈ ಮುಟ್ಟಿದಳು. "ಸೇ ಗಿಲ್ಟಿ, ಹನಿ. ಇಟ್ಸ್ ಚೀಪರ್."

ಗಿಲ್ಟಿ ಅನ್ನು, ಅದೇ ಅಗ್ಗ. ಕೋರ್ಟಿನ ಬೆಂಚಿನ ಮೇಲೆ ಕೂತು ಕೇಳಬೇಕಾದ ಮಾತೇ ಇದು? ಬಸಣ್ಣ ನಕ್ಕು ತಲೆ ಅಲ್ಲಾಡಿಸಿದ. ಒಪ್ಪಲಿಲ್ಲ.

ಹೆಸರು ಕರೆದರು. ಜಡ್ಜ್ ವಯಸ್ಸಾದ ಹೆಂಗಸು, ಮೃದು ಮಾತು. ವಾರಂಟ್ ರದ್ದು ಮಾಡಿದರು. ಮೂಲ ಕೇಸನ್ನು ಮತ್ತೆ ತೆಗೆಯುತ್ತೇನೆ, ಏನು ಹೇಳುತ್ತೀರಿ ಅಂದರು. ಬಸಣ್ಣ ಎದೆ ಸೆಟೆಸಿ ನಿಂತ.

"ನಾಟ್ ಗಿಲ್ಟಿ, ಮ್ಯಾಡಮ್. ಮೈ ಡಾಟರ್ ವಾಸ್ ಸಿಕ್. ಚಿಕನ್ ಪಾಕ್ಸ್."

ಆ ಎರಡು ಪದ! ಒಂದು ವರ್ಷ ತಡವಾಗಿ ಹೊರಗೆ ಬಂದವು.

"ಡಾಕ್ಟರ್ ಚೀಟಿ?" ಅಂದ ಸರ್ಕಾರದ ಕಡೆಯ ವಕೀಲ. ಇಲ್ಲ. "ಔಷಧಿ ಕೊಂಡ ರಸೀದಿ?" ಇಲ್ಲ. "ಯಾರು ನೋಡಿದ್ದಾರೆ?" ತಾಯಿ ಅಂದ ಬಸಣ್ಣ. ತಾಯಿ ಧಾರವಾಡದಲ್ಲಿದ್ದಾಳೆ. ಹೆಂಡತಿ ಅಂದ. ಹೆಂಡತಿ ಗಂಡನ ಪರವಾಗಿ ಹೇಳುವುದು ಸಹಜ ಅಂದ ವಕೀಲ. ನಾನು ಎದ್ದು ನಿಂತು, ನಾನು ಬೇವಿನ ಸೊಪ್ಪು ತಂದುಕೊಟ್ಟೆ ಅಂತ ಕೂಗಿದೆ. ಕೂತ್ಕೊಳ್ಳಿ ಅಂದರು. ಮಗುವನ್ನು ಕಣ್ಣಾರೆ ನೋಡಿದ್ದೀರಾ ಅಂತ ಕೇಳಿದರು. ನೋಡಿರಲಿಲ್ಲ. ಗಂಗವ್ವ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಸೊಪ್ಪು ಇಸಿದುಕೊಂಡಿದ್ದರು. ಕೂತೆ.

ವಕೀಲ ಜಡ್ಜ್ ಕಡೆ ತಿರುಗಿ ಸರಳವಾಗಿ ಹೇಳಿದ. ಹಾಗಾದರೆ ವಿಚಾರಣೆಗೆ ಇನ್ನೊಂದು ದಿನ ಕೊಡಿ. ಹುಡುಗಿಯನ್ನೇ ಕರೆದುಕೊಂಡು ಬರಲಿ. ಅವಳೇ ಹೇಳಲಿ. ಆ ಕಾಯಿಲೆ ಬಂದಿದ್ದರೆ ಮೈಮೇಲೆ ಕಲೆ ಉಳಿದಿರುತ್ತವೆ, ನೋಡಬಹುದು.

ಅವನು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಸಹಾಯ ಮಾಡುತ್ತಿದ್ದೇನೆ ಅಂತಲೇ ಅವನಿಗೆ ಅನ್ನಿಸಿತ್ತು. ಜಡ್ಜ್ ಕೂಡ, ಪಾಪ, "ಕನ್ನಡಿ ಹಾಗೆ ಸ್ಪಷ್ಟವಾಗುತ್ತೆ" ಅನ್ನುವ ಧಾಟಿಯಲ್ಲಿ ತಲೆಯಾಡಿಸಿದರು.

ಬಸಣ್ಣ ನನ್ನ ಕಡೆ ತಿರುಗಿದ. ಪಿಸುಮಾತಿನಲ್ಲಿ ಕೇಳಿದ.

"ಪಲ್ಲವಿನ್ನ ಇಲ್ಲಿ ನಿಂದರ್ಸಿ, ಮೈಮ್ಯಾಲಿನ ಕಲಿ ನೋಡ್ತಾರಂತೇನ್ರಿ?"

ಅವನ ಬೆನ್ನು ತಟ್ಟಿದ ಕೈ ನನ್ನದೇ. ಈಗ ಆ ಕೈಯನ್ನು ಎಲ್ಲಿಡಬೇಕು ಅಂತ ತಿಳಿಯಲಿಲ್ಲ.

ಕೆಳಗೆ ಕೂತಿದ್ದ ಗುಮಾಸ್ತೆ, ನಗುಮುಖದ ಹುಡುಗಿ, ಇವನಿಗೆ ಧೈರ್ಯ ತುಂಬಲು ಹೇಳಿದಳು: "ಸ್ಕೂಲ್ ಮಿಸ್ ಆಗುತ್ತೆ ಅಂತ ವರಿ ಮಾಡ್ಬೇಡಿ ಸರ್. ಕೋರ್ಟಿನಿಂದ ನಾವೇ ಚೀಟಿ ಕೊಡ್ತೀವಿ. ಅವತ್ತಿಂದು ಎಕ್ಸ್‌ಕ್ಯೂಸ್ಡ್ ಆಗುತ್ತೆ."

ಬಸಣ್ಣ ಜಡ್ಜ್ ಕಡೆ ತಿರುಗಿದ. ಭುಜ ಇಳಿದಿತ್ತು.

"ಗಿಲ್ಟಿ, ಮ್ಯಾಡಮ್."

ಖಾತ್ರಿಯೇ ಅಂತ ಕೇಳಿದರು. ಖಾತ್ರಿ ಅಂದ. ಯಾರಾದರೂ ಒತ್ತಾಯ ಮಾಡಿದರೇ ಅಂತ ಕೇಳಿದರು. ಇಲ್ಲ ಅಂದ. ಅದೂ ಕಾನೂನಿನ ಪ್ರಕಾರ ಕೇಳಲೇಬೇಕಾದ ಪ್ರಶ್ನೆಯಂತೆ. ದಂಡ, ಕೋರ್ಟಿನ ಖರ್ಚು ಕಿಟಕಿಯಲ್ಲಿ ಕಟ್ಟಿ ಹೊರಗೆ ಬಂದೆವು. ನಾಳೆ ಸಿಟಿಜನ್‌ಶಿಪ್ಪಿಗೆ ಅರ್ಜಿ ಹಾಕುವಾಗ, ನಿಮ್ಮನ್ನು ಯಾವಾಗಲಾದರೂ ಬಂಧಿಸಿದ್ದರೇ, ತಪ್ಪಿತಸ್ಥರೆಂದು ತೀರ್ಮಾನವಾಗಿತ್ತೇ ಅಂತ ಕೇಳುತ್ತಾರೆ. ಹೌದು, ಹೌದು ಅಂತ ಬರೆಯಬೇಕು. ಮಗಳ ಮೈಮೇಲಿನ ಕಲೆಯನ್ನು ನಾಲ್ಕು ಜನರ ಮುಂದೆ ತೋರಿಸದೆ ಉಳಿಸಿಕೊಂಡ ಅಪ್ಪ, ಇನ್ನೊಂದು ಕಲೆಯನ್ನು ತನ್ನ ಹೆಸರಿಗೆ ಹಚ್ಚಿಕೊಂಡು ಬಂದ.

ಕಾರಿನಲ್ಲಿ ಶಾರದಾಗೆ ಫೋನ್ ಮಾಡಿದ. "ಮುಗೀತ. ಏನಿಲ್ಲ. ಪಲ್ಲವಿಗೆ ಏನೂ ಹೇಳಬ್ಯಾಡ," ಅಂದ. ಇಟ್ಟ. ಸೀದಾ ಕೆಲಸಕ್ಕೆ ಬಿಡಿ ಅಂದ. ನಾನು ಬೈಯುತ್ತಲೇ ಇದ್ದೆ. ಶಾಲೆಯನ್ನು, ಕೋರ್ಟನ್ನು, ಆ ಮಷಿನ್ ಫೋನನ್ನು, ನಗುನಗುತ್ತಲೇ ಮನುಷ್ಯನನ್ನು ಅರೆಯುವ ಈ ಒಳ್ಳೆಯ ಜನರನ್ನೆಲ್ಲ. ಅವನು ಒಂದು ಸಲ ಮಾತ್ರ ಬಾಯಿ ಬಿಟ್ಟ. "ಬಿಡ್ರಿ ಅಣ್ಣಾರ. ಶಿಫ್ಟಿಗೆ ತಡ ಆಗ್ತದ."

ಅವನು ಬಿಟ್ಟ. ನಾನು ಬಿಡಲಾರೆ. ಮೈತುಂಬ ಗುಳ್ಳೆ ಎದ್ದು ಮಲಗಿದ ಮಗುವಿಗೆ ಕೊಡಲಾಗದ ಚೀಟಿಯನ್ನು, ಅದೇ ಮಗು ಕಟಕಟೆ ಹತ್ತಿ ಕಲೆ ತೋರಿಸುವುದಕ್ಕೆ ಕೊಡುತ್ತೇವೆ ಅನ್ನುವವರು, ಶಾಲೆ ಅಂದರೆ ಏನು ಅಂತ ತಿಳಿದುಕೊಂಡಿದ್ದಾರೆ?